ಐದನೆಯ ಚುಕ್ಕೆ

ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದಿದ್ದ ಚೆನ್ನೈನ ತ್ರಿಪ್ಲಿಕೇನಿನ ನಕ್ಷೆಯಲ್ಲಿ ಜಯಲಕ್ಷ್ಮಿ ಮೊದಲು ತಮ್ಮ ಮನೆಯ ಬೀದಿ ಹುಡುಕಿದರು, ಆಮೇಲೆ ಮಠದ ಬೀದಿ, ಆಮೇಲೆ ಅವೆರಡೂ ಬೀಚಿಗೆ ಹೋಗುವ ದೊಡ್ಡ ರಸ್ತೆಗೆ ಸೇರುವ ಮೂಲೆ. ಅಲ್ಲಿ ನಾಲ್ಕು ಕೆಂಪು ಚುಕ್ಕೆಗಳಿದ್ದವು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಎಣಿಸಿದರು. ನಾಲ್ಕೇ.

"ಒಂದು ಚುಕ್ಕೆ ಅಂದರೆ ಒಂದು ಸಾವು, ಇಲ್ಲವೇ ಕೈಕಾಲು ಹೋಗುವಂಥ ದೊಡ್ಡ ಗಾಯ," ಎಂದು ಕಾರ್ಪೊರೇಷನ್ನಿನ ಇಂಜಿನಿಯರ್ ಶ್ರೀಪ್ರಿಯಾ ಮೈಕಿನಲ್ಲಿ ತಮಿಳಿನಲ್ಲಿ ವಿವರಿಸುತ್ತಿದ್ದಳು. ಇನ್ನು ಹತ್ತು ವರ್ಷದಲ್ಲಿ ಊರಿನ ರಸ್ತೆಗಳಲ್ಲಿ ಸಾಯುವವರ ಲೆಕ್ಕ ಸೊನ್ನೆಗೆ ಬರಬೇಕಂತೆ. ಅವಳ ಹಿಂದಿನ ಬ್ಯಾನರಿನ ಮೇಲೆ ದೊಡ್ಡದೊಂದು ಸೊನ್ನೆ, ಅದರೊಳಗೆ ಹಲ್ಲು ಬಿಟ್ಟು ನಗುವ ಒಂದು ಸಂಸಾರ. ಮೂರು ವರ್ಷದಲ್ಲಿ ಐದು ಚುಕ್ಕೆ ಬಿದ್ದ ಮೂಲೆಗೆ ಮೊದಲ ಹಂತದಲ್ಲೇ ಸಿಗ್ನಲ್ಲು, ಹಂಪು, ಕಾವಲಿಗೆ ಒಬ್ಬ ಪೊಲೀಸು. ನಾಲ್ಕು ಬಿದ್ದದ್ದಕ್ಕೆ? ನಾಲ್ಕು ಬಿದ್ದವರಿಗೆ ಟೀ, ಬಿಸ್ಕತ್ತು. ಅದನ್ನು ಹೊರಗಡೆ ಎಲ್ಲರಿಗೂ ಇಟ್ಟಿದ್ದರು.

ಜಯಲಕ್ಷ್ಮಿ ಎದ್ದು ನಿಂತರು. ಪಕ್ಕದಲ್ಲಿದ್ದ ಮಗ ತಿರುಮಲ ಅವರ ಸೆರಗಿನ ತುದಿ ಹಿಡಿದು, "ಅಮ್ಮ, ಬೇಡ, ಕೂತ್ಕೋ," ಎಂದ. ಅರವತ್ತೆಂಟು ವರ್ಷದ ಹೆಂಗಸು, ಗಂಡ ಇದ್ದಾಗ ನಾಲ್ಕು ಜನರೆದುರು ದನಿ ಎತ್ತಿದವರಲ್ಲ. ಈಗ ಸೆರಗು ಕಿತ್ತುಕೊಂಡರು.

"ಆ ಮೂಲೆಯಲ್ಲಿ ಒಂದು ಚುಕ್ಕೆ ಬಿಟ್ಟುಹೋಗಿದೆ. ನಮ್ಮ ಮನೆಯವರದು. ವಾದಿರಾಜ ರಾವ್. ಹದಿನಾಲ್ಕು ತಿಂಗಳಾಯಿತು."

ಶ್ರೀಪ್ರಿಯಾ ಲ್ಯಾಪ್‌ಟಾಪಿನಲ್ಲಿ ಹುಡುಕಿದಳು. "ಹೆಸರು ಬರ್ತಿಲ್ಲ ಮಾಮಿ. ಪೊಲೀಸ್ ಕೇಸಿನ ನಂಬರ್ ಇದ್ಯಾ?"

"ಇಲ್ಲ."

"ಪೋಸ್ಟ್‌ಮಾರ್ಟಮ್ ರಿಪೋರ್ಟು?"

"ಅದೂ ಇಲ್ಲ. ನಾನು ಮಾಡಿಸಲಿಲ್ಲ. ಮೆಟ್ಟಿಲಿಂದ ಬಿದ್ದರು ಅಂತ ಸುಳ್ಳು ಹೇಳಿದೆ."

ಸಭೆಯಲ್ಲಿ ಯಾರೋ ಅಯ್ಯೋ ಎಂದರು. ತಿರುಮಲ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ.

ನಡೆದದ್ದು ಇಷ್ಟು. ಆ ದಿನ ಬೆಳಗ್ಗೆ ವಾದಿರಾಜ ರಾಯರು ಮಡಿಯುಟ್ಟು ಮಠಕ್ಕೆ ಹೋಗಿ ಬರುವಾಗ ತರಕಾರಿ ವ್ಯಾನೊಂದು ಭುಜಕ್ಕೆ ತಗುಲಿಸಿ ನಿಲ್ಲದೆ ಹೋಯಿತು. ಬಿದ್ದಾಗ ತಲೆ ಫುಟ್‌ಪಾತಿನ ಅಂಚಿಗೆ ಬಡಿಯಿತು. ಎದ್ದು ತಾವೇ ನಡೆದುಕೊಂಡು ಮನೆಗೆ ಬಂದರು. "ವ್ಯಾನಿನವನು ತಳ್ಳಿಬಿಟ್ಟ ಕಣೆ, ಏನೂ ಆಗಿಲ್ಲ. ಮಡಿ ಕೆಟ್ಟಿತು ಅಷ್ಟೆ," ಎಂದರು. ಆ ತಲೆಯ ಮೇಲೆ ಮತ್ತೆ ಎರಡು ಬಕೆಟ್ ತಣ್ಣೀರು ಸುರಿದುಕೊಂಡು ಪೂಜೆಗೆ ಕೂತರು. ಡಾಕ್ಟರ ಹತ್ತಿರ ಹೋಗೋಣ ಎಂದು ಜಯಲಕ್ಷ್ಮಿಯೂ ಹೇಳಲಿಲ್ಲ. ನೀರು ಬಿಸಿ ಮಾಡಿಕೊಡಲೇ ಎಂದು ಕೇಳಿದ್ದರು, ಅಷ್ಟೆ. ದೇವರಿಗೆ ನೈವೇದ್ಯ ಆಗುವ ಹೊತ್ತಿಗೆ ವಾಂತಿ ಶುರುವಾಯಿತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮುಗಿಯಿತು.

"ಹೇಗಾಯಿತು?" ಎಂದು ಕೇಳಿದ ಡಾಕ್ಟರು ತಿರುಮಲನಿಗೆ ಪರಿಚಯದವರು. ರಸ್ತೆಯಲ್ಲಿ ಆಗಿದ್ದರೆ ಪೊಲೀಸ್ ಕೇಸು, ದೇಹ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಕೈಗೆ ಸಿಗುವುದು ನಾಳೆಯೋ ನಾಳಿದ್ದೋ ಎಂದು ಅವರೇ ಮೆಲ್ಲಗೆ ಹೇಳಿದರು. ರಾಯರೋ, ಹೆಂಡತಿ ಮಡಿಯಲ್ಲಿ ಇಲ್ಲದಿದ್ದರೆ ಅವಳ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳದ ಮನುಷ್ಯ. ಅವರನ್ನು ಯಾರೋ ಮೇಜಿನ ಮೇಲೆ ಮಲಗಿಸಿ, ಕೊಯ್ದು, ಗೋಣಿಯ ಹಾಗೆ ಹೊಲಿದು ಕೊಡುವುದು? ಜಯಲಕ್ಷ್ಮಿಗೆ ಯಾರೂ ಹೇಳಿಕೊಡಲಿಲ್ಲ. "ಮೆಟ್ಟಿಲಿಂದ ಜಾರಿದರು," ಎಂದುಬಿಟ್ಟರು. ಹೊತ್ತು ಮುಳುಗುವ ಮೊದಲು ಎಲ್ಲ ಸಾಂಗವಾಗಿ ನಡೆಯಿತು. ನೆಂಟರೆಲ್ಲ ಪುಣ್ಯಾತ್ಮ, ಒಂದು ಗಾಯವಿಲ್ಲ ಎಂದು ಹೊಗಳಿ ಸ್ನಾನ ಮಾಡಿ ಹೋದರು.

ಸಭೆ ಮುಗಿಸಿ ಮನೆಗೆ ಬಂದು ಬಾಗಿಲು ಹಾಕಿದ್ದೇ ತಿರುಮಲ ಕೂಗಾಡಿದ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ಮೆತ್ತಗೆ ಮಾತಾಡಿ ರೂಢಿಯಾದವನು, ಕೂಗುವುದೂ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ.

"ಇಷ್ಟು ದಿನ ಬಾಯಿ ಮುಚ್ಕೊಂಡಿದ್ದವಳು ಮೈಕಿನ ಎದುರಿಗೇ ಹೇಳಬೇಕಾಗಿತ್ತಾ? ಡಾಕ್ಟರು ನನ್ನ ಮುಖ ನೋಡಿ ಸರ್ಟಿಫಿಕೇಟಿಗೆ ಸೈನ್ ಹಾಕಿದ್ದು. ಅವರ ಗತಿ ಏನು? ಪೊಲೀಸಿನವರು ನಿನ್ನನ್ನೇ ಹಿಡಿದು ಕೇಳಿದರೆ?"

"ಹಿಡೀಲಿ ಬಿಡೋ. ಜೈಲಿನಲ್ಲಿ ಏಕಾದಶಿ ಮಾಡೋದು ಇನ್ನೂ ಸುಲಭ."

"ತಮಾಷೆ ಅಲ್ಲಮ್ಮ. ಅಪ್ಪ ವಾಪಸ್ ಬರ್ತಾರಾ?"

"ನಿನ್ನ ಮಗಳು ದಿನಾ ಅಲ್ಲೇ ದಾಟಬೇಕಲ್ಲೋ," ಎಂದರು ಜಯಲಕ್ಷ್ಮಿ. "ಐದು ಬೇಕಂತೆ, ನಾಲ್ಕು ಇದೆಯಂತೆ. ಐದನೇದನ್ನ ನಾನು ಸುಟ್ಟು ಬಂದಿದೀನಿ. ಅದನ್ನ ಬರೆಸದೆ ನಾನು ಹೇಗೋ ಅನ್ನ ತಿನ್ನಲಿ?"

ತಿರುಮಲನ ಮಗಳು ಸುಮೇಧಾ ಒಂಬತ್ತನೇ ಕ್ಲಾಸು. ಸೋಫಾದಲ್ಲಿ ಕೂತು ಫೋನು ನೋಡುತ್ತಿದ್ದವಳು ತಲೆ ಎತ್ತಿ, "ನಾನು ಕೇರ್‌ಫುಲ್ಲಾದಾನ್ ಪೋರೇನ್ ಅಜ್ಜಿ," ಎಂದಳು. ಅಜ್ಜಿ ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಹೀಗೇ, ತಮಿಳಿನಲ್ಲಿ. ತಾತನೂ ಕೇರ್‌ಫುಲ್ಲಾಗಿಯೇ ಹೋಗುತ್ತಿದ್ದರು ಕಣೇ ಎನ್ನಲು ಜಯಲಕ್ಷ್ಮಿಗೆ ಬಾಯಿ ಬರಲಿಲ್ಲ.

ಕಾರ್ಪೊರೇಷನ್ನಿನ ಚುಕ್ಕೆಗಳ ಪಟ್ಟಿಗೆ ಆಕ್ಷೇಪಣೆ ಕೊಡಲು ಶುಕ್ರವಾರ ಸಂಜೆಯವರೆಗೆ ಸಮಯವಿತ್ತು. ಗುರುವಾರ ಬೆಳಗ್ಗೆ ಅವರು ಒಬ್ಬರೇ ಪೊಲೀಸ್ ಸ್ಟೇಷನ್ನಿಗೆ ಹೋದರು. ಅಲ್ಲಿ ಕೇಸು ಬರೆದುಕೊಳ್ಳುವ ರೈಟರ್ ಕೆಟ್ಟವನೇನಲ್ಲ. ಕುರ್ಚಿ ಹಾಕಿಸಿದ, ನೀರು ತರಿಸಿದ, ಅವರು ನೀರು ಮುಟ್ಟದಿದ್ದಾಗ ಒತ್ತಾಯವನ್ನೂ ಮಾಡಲಿಲ್ಲ. ಮರಣದ ಸರ್ಟಿಫಿಕೇಟನ್ನು ಎರಡು ಸಲ ಓದಿದ.

"ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟು ಅಂತಿದೆ. ಇದು ಹೇಳಿದ್ದು ಯಾರು?"

"ನಾನೇ."

"ಅಂದರೆ ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದೋ?"

"ಆಗಿನದು."

"ವ್ಯಾನಿನ ನಂಬರ್?"

"ಗೊತ್ತಿಲ್ಲ."

"ನೋಡಿದವರು?"

"ಅವರೇ ಬಂದು ಹೇಳಿದ್ದು."

"ದೇಹ?" ಎಂದು ಕೇಳಿ, ತಾನೇ ಬೇಡವೆಂದು ಕೈಯಾಡಿಸಿದ. "ಮನೆಗೆ ಹೋಗಿ ಅಮ್ಮ. ನಾನು ಇದನ್ನ ಬರ್ಕೊಂಡರೆ ಮೊದಲ ಕೇಸು ನಿಮ್ಮ ಮೇಲೆ ಬೀಳುತ್ತೆ, ಎರಡನೇದು ಡಾಕ್ಟರ ಮೇಲೆ. ವ್ಯಾನಿನ ಮೇಲೆ ಒಂದೂ ಬೀಳಲ್ಲ."

"ನನ್ನ ಮೇಲೆ ಹಾಕಿಕೊಳ್ಳಿ. ಅದಕ್ಕಾದರೂ ಒಂದು ನಂಬರ್ ಕೊಡ್ತೀರಲ್ಲ?"

ರೈಟರ್ ನಗಲಿಲ್ಲ. ಸರ್ಟಿಫಿಕೇಟನ್ನು ನಾಲ್ಕಾಗಿ ಮಡಿಸಿ ಅವರ ಕೈಗೆ ಕೊಟ್ಟ.

ಶುಕ್ರವಾರ ನಾಲ್ಕು ಗಂಟೆಗೆ ಅವರು ಶ್ರೀಪ್ರಿಯಾಳ ಮೇಜಿನ ಮುಂದಿದ್ದರು. ಕೈಯಲ್ಲಿ ಕನ್ನಡದಲ್ಲಿ ಬರೆದು, ಮತ್ತೆ ತಮಿಳಿನಲ್ಲಿ ಬರೆದ ಎರಡು ಹಾಳೆಯ ಹೇಳಿಕೆ. ಮಠದಿಂದ ಹೊರಟ ಹೊತ್ತು, ಬಿದ್ದ ಜಾಗ, ಗಂಡ ಮನೆಗೆ ಬಂದು ಆಡಿದ ಮಾತು, ತಾವು ಆಡಿದ ಸುಳ್ಳು, ಒಂದನ್ನೂ ಬಿಟ್ಟಿರಲಿಲ್ಲ. ಹುಡುಗಿ ಪೂರ್ತಿ ಓದಿದಳು. ಓದುತ್ತಾ ಒಂದು ಸಲ ಕಣ್ಣೊರೆಸಿಕೊಂಡಳು.

"ನಾನು ನಂಬ್ತೀನಿ ಮಾಮಿ. ಆದರೆ ಕೇಸ್ ನಂಬರ್ ಇಲ್ಲದೆ ಸಿಸ್ಟಮ್ ತಗೊಳ್ಳೋದೇ ಇಲ್ಲ. ನೋಡಿ ಬೇಕಾದರೆ." ಸ್ಕ್ರೀನು ಅವರ ಕಡೆ ತಿರುಗಿಸಿ ವಾದಿರಾಜ ರಾವ್ ಎಂದು ಟೈಪು ಮಾಡಿದಳು. ವಯಸ್ಸು, ಜಾಗ, ತಾರೀಕು ಎಲ್ಲ ತುಂಬಿಸಿ ಗುಂಡಿ ಒತ್ತಿದಳು. ಹೆಸರು ಅಲ್ಲೇ ನಿಂತಿತು. ಮತ್ತೆ ಒತ್ತಿದಳು. ಕೊನೆಗೆ ಒಂದೊಂದೇ ಅಕ್ಷರ ಅಳಿಸಿದಳು.

ಜಯಲಕ್ಷ್ಮಿ ಅದನ್ನು ನೋಡುತ್ತಾ ಕೂತರು. ಅವರಿಗೆ ಗಂಡನ ಮೇಲೆ ಸಿಟ್ಟು ಬಂತು. ಆ ಎರಡು ಬಕೆಟ್ ನೀರಿನ ಮೇಲೆ, ಮಡಿಯ ಮೇಲೆ, ಪುಣ್ಯಾತ್ಮ ಎಂದ ನೆಂಟರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತಮ್ಮ ಮೇಲೆ. ಕೊಯ್ಯಲಿ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು?

"ಬೇಜಾರು ಮಾಡ್ಕೋಬೇಡಿ," ಎಂದಳು ಶ್ರೀಪ್ರಿಯಾ, ಅವರ ಕೈ ಹಿಡಿದುಕೊಂಡು. "ಈ ಲಿಸ್ಟೇ ಕೊನೆಯಲ್ಲ. ಆರು ತಿಂಗಳಿಗೊಂದು ಸಲ ತಾನಾಗಿ ಬದಲಾಗುತ್ತೆ. ನಿಮ್ಮ ಮೂಲೆಗೆ ಬೇಕಿರೋದು ಇನ್ನೊಂದೇ. ಅದೊಂದು ಬಂತು ಅಂದರೆ ತಕ್ಷಣ ಸಿಗ್ನಲ್ ಸ್ಯಾಂಕ್ಷನ್."

ಒಳ್ಳೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಲಿಫ್ಟಿನವರೆಗೂ ಬಂದು ಬಿಟ್ಟು ಹೋದಳು.

ಸೋಮವಾರ ಬೆಳಗ್ಗೆ ಏಳೂಕಾಲಿಗೆ ಸುಮೇಧಾ ಸ್ಕೂಲಿಗೆ ಹೊರಟಾಗ ಜಯಲಕ್ಷ್ಮಿ ತಾವೂ ಚಪ್ಪಲಿ ಮೆಟ್ಟಿಕೊಂಡರು. ಮೊಮ್ಮಗಳು ಮುಖ ಸಿಂಡರಿಸಿದಳು, ಫ್ರೆಂಡ್ಸ್ ನೋಡಿದರೆ ನಗುತ್ತಾರಂತೆ. ಮೂಲೆಯಲ್ಲಿ ಹತ್ತು ಹದಿನೈದು ಜನ ದಾಟಲು ನಿಂತಿದ್ದರು. ಟಿಫಿನ್ ಕ್ಯಾರಿಯರ್ ಹಿಡಿದ ಲಾಡ್ಜಿನ ಇಬ್ಬರು ಹುಡುಗರು. ಹೂವಿನ ಬುಟ್ಟಿ ಹೊತ್ತ ಬಸುರಿ. ಬೀಚಿನಲ್ಲಿ ನಡೆದು ಬರುತ್ತಿದ್ದ, ಕಿವಿ ಕೇಳಿಸದ ನೆರೆಮನೆಯ ಮುದುಕರು. ವ್ಯಾನುಗಳು ಒಂದರ ಹಿಂದೆ ಒಂದು ನುಗ್ಗಿ ಬರುತ್ತಲೇ ಇದ್ದವು. ಸ್ವಲ್ಪ ಸಂದು ಸಿಕ್ಕಿದಾಗ ಹುಡುಗರು ಓಡಿದರು. ಬಸುರಿ ಒಂದು ಕೈ ಬುಟ್ಟಿಗೆ, ಒಂದು ಕೈ ಹೊಟ್ಟೆಗೆ ಕೊಟ್ಟು ಹೆಜ್ಜೆ ಕೆಳಗಿಟ್ಟಳು. ಮುದುಕರು ಅವಳ ಬೆನ್ನಿಗೇ ಇಳಿದರು. ಜಯಲಕ್ಷ್ಮಿ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಯಾರ ಅಜ್ಜಿ ಪಾಕ್ಕರೇಳ್?" ಅಜ್ಜಿ ಯಾರನ್ನು ನೋಡುತ್ತಿದ್ದಾರೆಂದು ಕೇಳುತ್ತಾ ಸುಮೇಧಾ ಅವರ ಹಿಡಿತದಲ್ಲಿದ್ದ ಕೈ ಎಳೆದಳು. "ಬಸ್ ಪೋಯ್ಡುಂ. ಕೈಯ ವಿಡುಂಗೊ."

ಅಜ್ಜಿ ಕೈ ಬಿಡಲಿಲ್ಲ. ಬಸ್ಸು ಆಚೆ ಬದಿಯಲ್ಲಿ ಬಂದು ನಿಂತಿತು, ಮಕ್ಕಳನ್ನು ಹತ್ತಿಸಿಕೊಂಡಿತು, ಹೋಯಿತು. ಅವರಿಬ್ಬರೂ ಫುಟ್‌ಪಾತಿನ ಮೇಲೆ ನಿಂತೇ ಇದ್ದರು.