ಗಂಡುಹೂವು

ಲಾಲ್‌ಬಾನು ಒಲೆಯ ಬಾಯಿಗೆ ಇನ್ನೊಂದು ಹಿಡಿ ಸೆಣಬಿನ ಕಡ್ಡಿ ತುರುಕಿದಳು. ಹಂಡೆಯಲ್ಲಿ ಎಲಚಿ ಎಲೆ ಹಾಕಿದ ನೀರು ಕುದಿಯುತ್ತಿತ್ತು. ಅಂಗಳದ ಮೂಲೆಯಲ್ಲಿ ಸೀರೆಗಳ ಮರೆ ಕಟ್ಟಿ, ಅವಳ ಅಣ್ಣ ತೊರಾಬ್ ಅಲಿಯನ್ನು ಮಲಗಿಸಿದ್ದರು. ಹೆಣಕ್ಕೆ ಸ್ನಾನ ಮಾಡಿಸುವುದು ಗಂಡಸರ ಕೆಲಸ. ತಂಗಿಯ ಪಾಲಿಗೆ ನೀರು ಕಾಯಿಸುವುದಷ್ಟೇ ಉಳಿದಿತ್ತು.

“ಪುಣ್ಯವಂತ ಕಣೇ, ಶುಕ್ರವಾರ ಹೋದ,” ಎಂದಳು ಪಕ್ಕದ ಮನೆಯ ಫೂಲ್‌ಜಾನ್. “ಕಪೋತಾಕ್ಷ ನದಿಯ ಈ ದಡದಲ್ಲಿ ಅವನ ಚಪ್ಪರದಷ್ಟು ಪಟೋಲ್ ಕಾಯಿ ಇನ್ಯಾರ ಚಪ್ಪರದಲ್ಲಿ ಬಿಡುತ್ತೆ ಹೇಳು? ಕೈತುಂಬ ಕೊಟ್ಟ ಎಲ್ಲರಿಗೂ.”

“ನಂಗೂ ಕೊಟ್ಟ. ಕೆಟ್ಟ ಹೆಸರು.”

“ಸತ್ತ ಮನೇಲಿ ಹಳೇದೆಲ್ಲ ಯಾಕೆ ಕೆದಕ್ತೀಯ? ಬಿಟ್ಟಾಕು ಮಾರಾಯ್ತಿ.”

“ಮೊದಲು ನಿನ್ನ ಬಾಯಿಂದಲೇ ಅಲ್ವಾ ಹೊರಟಿದ್ದು? ಆವತ್ತು ನೀನು ಬಿಟ್ಟಾಕಿದ್ರೆ ನಂಗೆ ಕೆದಕೋಕೆ ಏನೂ ಇರ್ತಿರಲಿಲ್ಲ.”

ಫೂಲ್‌ಜಾನಳಿಗೆ ಇದ್ದಕ್ಕಿದ್ದಂತೆ ತನ್ನ ಕೋಳಿಗಳ ನೆನಪಾಗಿ ಎದ್ದು ಹೋದಳು.

*

ಗಂಡ ಸತ್ತು ಲಾಲ್‌ಬಾನು ತವರಿಗೆ ಬಂದ ವರ್ಷ ಪಟೋಲ್ ಬಳ್ಳಿಗೆ ಹುಳ ಬಿದ್ದಿತ್ತು. ಎಲೆ ಸುತ್ತಿಕೊಂಡು ಮೇಯುವ, ಎಳೆಗಾಯಿಗೆ ತೂತು ಕೊರೆಯುವ ಹಸಿರು ಹುಳ. ಅದು ಬೆಳೆದು ಉಗುರಿನಷ್ಟಗಲದ ಬಿಳಿ ಪತಂಗವಾಗಿ ಕತ್ತಲಾಗುತ್ತಲೇ ಹೂವಿನಿಂದ ಹೂವಿಗೆ ಹಾರುತ್ತಿತ್ತು. ತೊರಾಬ್ ಮೂತಿಗೆ ಗಮ್ಚಾ ಕಟ್ಟಿ, ಪಂಪು ಬೆನ್ನಿಗೇರಿಸಿ, ಪತಂಗ ಏಳುವ ಹೊತ್ತು ನೋಡಿಯೇ ಔಷಧಿ ಹೊಡೆದ. ಬೆಳಗಾದರೆ ಚಪ್ಪರದ ಕೆಳಗೆ ಅಕ್ಕಿ ಚೆಲ್ಲಿದ ಹಾಗೆ ಪತಂಗಗಳು. ಊರು ಭಲೇ ಎಂದಿತು. ಎಲ್ಲರೂ ಸರದಿಯಲ್ಲಿ ಅದೇ ಪಂಪು ಹೊತ್ತರು.

ಹುಳ ಹೋಯಿತು, ಹಿಂದೆಯೇ ಕಾಯಿಯೂ ಹೋಯಿತು. ಬಳ್ಳಿ ತುಂಬ ಹೂವು, ಆದರೆ ಹೆಣ್ಣುಹೂವಿನ ಹಿಂದಿನ ಮಿಡಿ ಬಲಿಯದೆ ಹಳದಿಯಾಗಿ ಉದುರುತ್ತಿತ್ತು. ಪಟೋಲಿನಲ್ಲಿ ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಎರಡರ ನಡುವೆ ಓಡಾಡುತ್ತಿದ್ದವರು ಯಾರು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ತಪ್ಪಿತಸ್ಥೆ ಆಗಲೇ ಸಿಕ್ಕಿದ್ದಳಲ್ಲ! ಮುಟ್ಟಾದವಳು ಪಟೋಲ್ ಚಪ್ಪರದೊಳಗೆ ಕಾಲಿಡಬಾರದು, ಈ ವಿಧವೆ ಇಟ್ಟಿದ್ದಾಳೆ ಎಂದಳು ಫೂಲ್‌ಜಾನ್. ತೊರಾಬ್ ತಂಗಿಯನ್ನು ಊರೆದುರೇ ಬೇಲಿಯಾಚೆ ನಿಲ್ಲಿಸಿ, ಇನ್ನು ಈಚೆ ಬರಬೇಡ ಎಂದ. ಅವಳಿಗೆ ಬಂದಿದ್ದ ಎರಡನೆಯ ಸಂಬಂಧವೂ ಅಲ್ಲಿಗೇ ಮುರಿಯಿತು.

ಮರುವರ್ಷ ನಸುಕಿನಲ್ಲಿ ದನ ಬಿಚ್ಚಲು ಹೋದವಳು ಬೇಲಿಯ ಸಂದಿನಿಂದ ನೋಡಿದಳು. ಅಣ್ಣ ಒಬ್ಬನೇ ಗಂಡುಹೂವು ಕಿತ್ತು, ಎಸಳು ಸುಲಿದು, ಒಂದೊಂದು ಹೆಣ್ಣುಹೂವಿನ ಬಾಯಿಗೂ ಮುಟ್ಟಿಸುತ್ತಿದ್ದ.

“ಏನಣ್ಣಾ ಇದು?”

“ಪೇಟೆ ಬೀಜದಂಗಡಿಯವನು ಹೇಳ್ಕೊಟ್ಟ. ಪತಂಗ ಮಾಡೋ ಕೆಲಸವಂತೆ.”

“ಅಂದ್ರೆ ಕಾಯಿ ಹೋಗಿದ್ದು ನನ್ನಿಂದ ಅಲ್ಲ. ಊರಿಗೆ ಹೇಳು.”

“ಮೆಲ್ಲಗೆ! ಹೇಳ್ತೀನಿ. ಈ ಬೆಳೆಯೊಂದು ಕೈಗೆ ಬರ್ಲಿ.”

ಆ ವರ್ಷ ಉಳಿದವರ ಚಪ್ಪರ ಬೋಳು, ಇವನದು ಕಾಯಿಯಿಂದ ಜೋತುಬಿತ್ತು. ವಿಧವೆಯ ಕಾಲು ತಪ್ಪಿಸಿದ್ದಕ್ಕೆ ಬಳ್ಳಿ ಒಲಿಯಿತು ಎಂದಿತು ಊರು. ತೊರಾಬ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೂ ಮುಟ್ಟಿಸುವ ಗುಟ್ಟನ್ನು ಮಗ ಹಶ್ಮತ್‌ಗೆ ಮಾತ್ರ ಕಲಿಸಿದ. ಬೆಳೆಯ ಮೇಲೆ ಬೆಳೆ ಕೈಗೆ ಬಂತು.

*

ಗೋರಿ ತೋಡಿದ್ದು ಪಟೋಲ್ ತೋಟದ ಅಂಚಿನಲ್ಲೇ. ಹೊತ್ತು ಇಳಿಯುವಾಗ ಗಂಡಸರು ಸಾಲುಗಟ್ಟಿ ನಿಂತರು. ಹಶ್ಮತ್ ಮುಂದೆ ಬಂದು ಕೈಮುಗಿದ.

“ನಮ್ಮಪ್ಪ ಯಾರಿಗಾದ್ರೂ ನೋವು ಮಾಡಿದ್ರೆ, ಅಲ್ಲಾನ ಹೆಸರಲ್ಲಿ ಮಾಫ್ ಮಾಡ್ಬಿಡಿ.”

“ಮಾಡಿದ್ವಿ, ಮಾಡಿದ್ವಿ,” ಎಂದಿತು ಸಾಲು.

“ತಂಗಿ ಇದ್ದಾಳಲ್ಲ, ಅವಳನ್ನೂ ಒಂದು ಮಾತು ಕೇಳ್ಬಾ,” ಎಂದರು ಮೌಲ್ವಿ. “ಅವಳು ಮಾಫ್ ಮಾಡದೆ ಕಳಿಸಿದ್ರೆ ಇವನ ಕುತ್ತಿಗೆ ಮೇಲೆ ಭಾರ ಉಳಿಯುತ್ತಪ್ಪ.”

ಹಶ್ಮತ್ ಬಿದಿರು ತಟ್ಟಿಯ ಹತ್ತಿರ ಬಂದ. ಅದರಾಚೆ ಹೆಂಗಸರ ನಡುವೆ ಲಾಲ್‌ಬಾನು ನಿಂತಿದ್ದಳು.

“ಅತ್ತೆ, ಮಾಫ್ ಅಂದ್ಬಿಡು.”

“ಅಂತೀನಿ. ಆವತ್ತು ಕಾಯಿ ಉದುರಿದ್ದು ಪತಂಗ ಸತ್ತಿದ್ದಕ್ಕೆ, ನನ್ನಿಂದಲ್ಲ ಅಂತ ನೀನು ಆ ಸಾಲಿನ ಮುಂದೆ ಹೇಳು.”

ಅವನು ತಲೆ ತಗ್ಗಿಸಿದ. “ಅಪ್ಪ ನಂಗೆ ಆಗ್ಲೇ ಹೇಳಿದ್ದ.”

“ನಿಂಗೂ ಗೊತ್ತಿತ್ತಾ?” ಅವಳ ದನಿ ಬಿದ್ದುಹೋಯಿತು. “ಎತ್ತಿ ಆಡಿಸಿದ ಕೈ ಕಣೋ ಇದು.”

“ಹೆಣ ಮುಂದಿಟ್ಕೊಂಡು ಅಪ್ಪನ ಮಾನ ಹೆಂಗೆ ಕಳೀಲಿ ಅತ್ತೆ?”

“ಬದುಕಿರೋಳ ಮಾನ ಕಳೀಬಹುದು, ಅಲ್ವಾ?”

ಹಶ್ಮತ್ ತಟ್ಟಿಯ ಬಿದಿರನ್ನು ಒಮ್ಮೆ ಗಟ್ಟಿಯಾಗಿ ಹಿಡಿದ. ಆಮೇಲೆ ಬಿಟ್ಟು, ಸಾಲಿನ ಮುಂದೆ ಹೋಗಿ ನಿಂತು, “ಅತ್ತೇನೂ ಮಾಫ್ ಮಾಡಿದ್ರು,” ಎಂದ. ಮೌಲ್ವಿ ಕೈಯೆತ್ತಿ ತಕ್ಬೀರ್ ಹೇಳಿ ನಮಾಜು ಶುರುಮಾಡಿದರು.

“ನಾನು ಮಾಡಿಲ್ಲ!” ಎಂದು ಲಾಲ್‌ಬಾನು ಕೂಗಿದಳು. ಹಿಂದಿನ ಸಾಲಿನವರಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ನಮಾಜಿನಲ್ಲಿ ನಿಂತವರು ತಿರುಗಿ ನೋಡುವಂತಿಲ್ಲ.

ಮಣ್ಣು ಕೊಟ್ಟು ಬಂದವರಿಗೆ ನೆರೆಮನೆಗಳಿಂದ ಖಿಚಡಿ ಬಂದಿತ್ತು. ಊಟ ಮುಗಿದು ಕೈತೊಳೆಯುವ ಹೊತ್ತಿಗೆ ಫೂಲ್‌ಜಾನ್ ಓಡಿಬಂದಳು.

“ಬನ್ನಿ, ನೋಡ್ಬನ್ನಿ! ಗೋರಿ ಮೇಲೆ ಮಣ್ಣೇ ಕಾಣದಷ್ಟು ಹೂವು ಸುರಿದಿದ್ದಾಳೆ ಲಾಲ್‌ಬಾನು. ಬಾಯಲ್ಲಿ ಏನಂದ್ರೂ ಕರುಳು ಬಿಡುತ್ತಾ?”

ಎಲ್ಲರೂ ಹೋಗಿ ನಿಂತರು. ಮೌಲ್ವಿಯ ಕಣ್ಣು ಒದ್ದೆಯಾಯಿತು. ಹಶ್ಮತ್ ಬಗ್ಗಿ ಒಂದು ಬಿಳಿ ಮೊಗ್ಗು ಎತ್ತಿಕೊಂಡು ತಿರುಗಿಸಿ ನೋಡಿದ. ಹಿಂದೆ ಮಿಡಿ ಇರಲಿಲ್ಲ. ಇನ್ನೊಂದು ಎತ್ತಿದ, ಮತ್ತೊಂದು ಎತ್ತಿದ. ಒಂದರಲ್ಲೂ ಮಿಡಿ ಇರಲಿಲ್ಲ.

ಅವನು ತೋಟದ ಕಡೆ ತಿರುಗಿದ. ಗಂಡುಬಳ್ಳಿಗಳೆಲ್ಲ ಬುಡ ಕೊಯ್ದು ನೆಲಕ್ಕೆ ಬಿದ್ದಿದ್ದವು. ಲಾಲ್‌ಬಾನು ಚಪ್ಪರದ ನಟ್ಟನಡುವೆ ನಿಂತು ಸೆರಗು ಕೊಡವುತ್ತಿದ್ದಳು. ಅವಳ ತಲೆಯ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಹೆಣ್ಣುಹೂವುಗಳು ಆಗಷ್ಟೇ ಬಾಯಿ ತೆರೆಯುತ್ತಿದ್ದವು.