ಕಾಯಿ ಬಿಡದ ಕರಿಮರ

ಮರ ಕೊಯ್ಯುವ ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಕಾಯಿ ಬಿಡುವ ಕರಿಮರಕ್ಕೆ ಕೊಡಲಿ ತಾಗಿಸಬಾರದು. ಕಡಿಯಲೇಬೇಕಾದರೆ ಗೊಡ್ಡನ್ನು ಹುಡುಕಿ ಕಡಿಯಬೇಕು. ಫಲ ಹೊತ್ತ ಮರವನ್ನು ಉರುಳಿಸುವವನು ಬಸುರಿಯ ಮೇಲೆ ಕೈಯೆತ್ತಿದವನಿಗೆ ಸಮಾನನೆಂದು ಹಿರಿಯರು ಹೇಳಿಕೊಟ್ಟಿದ್ದರು. ಮನೆಯ ಈಗಿನ ಯಜಮಾನನಾದ ಮೇಸ್ತ್ರಿ ಆ ಮಾತನ್ನು ಜನ್ಮದಲ್ಲಿ ಮೀರಿದವನಲ್ಲ. ಆದರೂ ಗುಡ್ಡ ಬೋಳಾಗಿ, ಈಗ ಉಳಿದದ್ದು ಕೊಯ್ಯುವ ಶೆಡ್ಡಿನ ಹಿಂದಿನ ಎರಡೇ ಕರಿಮರ: ಒಂದು ತಾಯಿಮರ, ಅದರ ಮಗ್ಗುಲಲ್ಲೇ ಒಂದು ಕಾಯಿಯನ್ನೂ ಕಂಡರಿಯದ ಗೊಡ್ಡು.

ಮೇಸ್ತ್ರಿಯ ಸೊಸೆ ಸಸಿ ಬೆಳೆಸುವವಳು. ಹಿಂದಿನ ವರ್ಷ ಮೊಳೆತ ಕರಿಮರದ ಸಸಿಗಳನ್ನೆಲ್ಲ ಬೇರುಹುಳು ಮುಗಿಸಿತ್ತು. ಬೀಜ ಕೂಡಿಟ್ಟರೆ ಆಮೇಲೆ ಮೊಳೆಯುವ ಜಾತಿಯೂ ಅಲ್ಲ ಅದು. ತಾಯಿಮರದ ಬುಡವೋ ಒಳಗೊಳಗೇ ಟೊಳ್ಳಾಗಿ, ಬಡಿದರೆ ಮದ್ದಲೆಯಂತೆ ನುಡಿಯುತ್ತಿತ್ತು.

"ಇನ್ನೊಂದು ಮಳೆಗಾಲ ತಡೆಯೋದು ಅನುಮಾನ ಮಾವ," ಎಂದಿದ್ದಳು. "ಈ ಸಲ ಕಾಯಿ ಕಟ್ಟದೇ ಇದ್ರೆ ಈ ಸಂತಾನ ಇಲ್ಲಿಗೇ ಮುಗೀತು."

ಆ ಮಾತು ಮೇಸ್ತ್ರಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ತಾಯಿಮರ ಸೊರಗುವುದೇಕೆ? ಪಕ್ಕದ ದಂಡಪಿಂಡ ಅದರ ಪಾಲಿನ ನೀರು, ಸಾರ ಎಲ್ಲವನ್ನೂ ಹೀರುತ್ತಿದೆ, ಬೇರೇನು ಕಾರಣ! ಸೊಸೆ ಗೊಬ್ಬರದ ಮಣ್ಣು ತರಲು ಹೋದ ಬೆಳಿಗ್ಗೆ ಅವನು ಗರಗಸ ಹಿಡಿದು ಹೊರಟ. ಜೊತೆಗೆ ಆಳು ಮಾತಿನಮಲ್ಲ.

"ಮೇಸ್ತ್ರಿ, ಗೊಡ್ಡಿಗೆ ಇಷ್ಟೊಂದು ಜೇನು ಯಾಕೆ ಮುತ್ತಿದೆ?" ಮಾತಿನಮಲ್ಲ ತಲೆಯೆತ್ತಿ ನೋಡಿದ.

"ನಿನ್ನ ಬಾಯಿ ಹುಡುಕ್ಕೊಂಡು ಬಂದಿರೋ ನೊಣ ಕಣೋ ಅದು. ಮುಚ್ಚಿಕೊಂಡು ಕೊಯ್ಯಿ."

ಮಾತಿನಮಲ್ಲ ನಕ್ಕ, ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಜೇನುಗಳು ಕಚ್ಚಲಿಲ್ಲ, ಚದುರಲೂ ಇಲ್ಲ. ಮರ ವಾಲಿದಂತೆಲ್ಲ ಅವೂ ಅದರ ತಲೆಯ ಜೊತೆಗೇ ಕೆಳಗಿಳಿದು ಬಂದವು. ಕೊಯ್ದ ಬಾಯಿ ತೆರೆದಾಗ ಹೊರಗಿನ ಬಿಳಿಯ ಸುತ್ತಿನೊಳಗೆ ತಿರುಳು ಕಾಡಿಗೆಯಂತೆ ಕಪ್ಪಗೆ, ಒಂದು ಬಿರುಕೂ ಇಲ್ಲದೆ ಹೊಳೆಯಿತು. ಇಷ್ಟು ಗಟ್ಟಿಯಾದ ಮರವನ್ನು ಕಂಡು ಹಿಗ್ಗಬೇಕಾದ ಮೇಸ್ತ್ರಿ ಗರಗಸ ಬದಿಗಿಟ್ಟು ಜೇನುಗಳ ಕಡೆ ಮತ್ತೊಮ್ಮೆ ನೋಡಿದ.

ಸೊಸೆ ಮಧ್ಯಾಹ್ನ ಬಂದಳು. ಮಣ್ಣಿನ ಬುಟ್ಟಿ ಇಳಿಸಿ, ಉರುಳಿದ ಮರದ ಮುಂದೆ ಹಾಗೆಯೇ ನಿಂತಳು.

"ಯಾರು ಮಾವ ಇದನ್ನ ಕಡಿದಿದ್ದು?"

"ನಾನೇ ಕಣಮ್ಮ. ನಿನ್ನ ತಾಯಿಮರಕ್ಕೆ ಜೀವ ಬರ್ಲಿ ಅಂತ."

ಅವಳು ಬಗ್ಗಿ ಒಂದು ರೆಂಬೆ ಮುರಿದು ಅಂಗೈಯ ಮೇಲೆ ಕೊಡವಿದಳು. ಗೊಂಚಲು ಹೂಗಳಿಂದ ಹಳದಿ ಪುಡಿ ಉದುರಿತು. ತಾಯಿಮರದಿಂದ ಇನ್ನೊಂದು ರೆಂಬೆ ತಂದಳು. ಅದರಲ್ಲಿ ಒಂಟೊಂಟಿ ಮೊಗ್ಗು. ಬಿಗಿದ ಮುಷ್ಟಿಯ ಹಾಗೆ ಮುಚ್ಚಿಕೊಂಡ ಹಸಿರು.

"ಕರಿಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಮಾವ. ಇದು ಗೊಡ್ಡಲ್ಲ, ಗಂಡು. ಈ ಪುಡಿ ಅಲ್ಲಿಗೆ ಮುಟ್ಟದೆ ಅಲ್ಲಿ ಕಾಯಿ ಇಲ್ಲ."

"ಮೊದ್ಲೇ ಹೇಳೋದಲ್ವೇನಮ್ಮಾ!"

"ಎರಡೇ ಉಳಿದಿರುವಾಗ ನೀವು ಇದನ್ನ ಮುಟ್ತೀರಿ ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ."

ಮೇಸ್ತ್ರಿ ತಾನು ಕೊಯ್ದ ಬುಡದ ಕಡೆ ತಿರುಗಿ ನೋಡಿದ. ಹಿರಿಯರು ಕರುಣೆಯಿಂದ ಉಳಿಸಿದ ತಾಯಿಮರಗಳೆಲ್ಲ ಒಂದೊಂದಾಗಿ ಬಂಜೆಯಾಗಿ, ಸಸಿಯೊಂದೂ ಉಳಿಯದೆ ಮುಗಿದದ್ದೇಕೆಂದು ಈಗ ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಈಗ್ಲೇ ಮರ ಹತ್ತಿ ಈ ಪುಡಿ ಬಳಿದುಬಿಡ್ತೀನಿ, ಕೊಡು," ಎಂದ.

"ಯಾವುದಕ್ಕೆ ಬಳೀತೀರಿ? ಆ ಮೊಗ್ಗು ಬಿರಿಯೋಕೆ ಇನ್ನೂ ಒಂದು ವಾರ ಬೇಕು."

ಉರುಳಿದ ಗಂಡುಮರದಲ್ಲಿ ಇನ್ನೂ ಅರಳದ ಮೊಗ್ಗಿದ್ದ ರೆಂಬೆಗಳನ್ನೆಲ್ಲ ಆರಿಸಿ, ಶೆಡ್ಡಿನೊಳಗೆ ತಂದು ನೀರಿನ ಪೀಪಾಯಿಗಳಲ್ಲಿ ನಿಲ್ಲಿಸಿದರು. ನಾಳೆ ಕೆಲವು, ನಾಡಿದ್ದು ಕೆಲವು ಅರಳಿ, ಒಂದಿಷ್ಟಾದರೂ ತಾಯಿಮರದ ಮೊಗ್ಗು ಬಿರಿಯುವ ದಿನದ ತನಕ ಉಳಿದಾವೆಂಬ ಆಸೆ. ಶೆಡ್ಡಿನ ಕೊಯ್ಯುವ ಯಂತ್ರದ ಅದುರಾಟಕ್ಕೆ ಹೂವು ಉದುರುವುದನ್ನು ಕಂಡು ಮೇಸ್ತ್ರಿ ಅದನ್ನು ನಿಲ್ಲಿಸಿದ. ಮಾತಿನಮಲ್ಲ ಕೇಳದೆಯೇ ಫ್ಯಾನು ಆರಿಸಿದ. ಕಿಟಕಿಗಳನ್ನೂ ಮುಚ್ಚಿದರು.

ಜೇನುಗಳು ಹೊರಗೆ ಬಾಗಿಲಿಗೆ ಬಂದು ಬಡಿಯುತ್ತಿದ್ದವು. ಒಳಗೆ ಗಾಳಿಯಿಲ್ಲ, ಅಲುಗಾಟವಿಲ್ಲ. ಮೂವರೂ ಉಸಿರು ಬಿಗಿಹಿಡಿದು ಕೂತರು. ಆದರೂ ಪೀಪಾಯಿಯ ನೀರಿನ ಮೇಲೆ ಒಂದು ಹೂವು ಬಿತ್ತು. ಸ್ವಲ್ಪ ಹೊತ್ತಿನಲ್ಲಿ, ಇನ್ನೊಂದು.