ಹುಣಸೆಹಣ್ಣಿನ ಮೂರು ಪದರ

ಹೋಟೆಲಿನಲ್ಲಿ ದೋಸೆ ಬಂದರೂ ತಟ್ಟೆಯ ಅಂಚಿಗೆ ಕಣ್ಣು ತಗ್ಗಿಸಿ, ಅದರ ಉದ್ದ, ಅಗಲ, ದಪ್ಪ ಮೂರನ್ನೂ ಮನಸ್ಸಿನಲ್ಲೇ ಅಳೆದು, ಆಮೇಲಷ್ಟೇ ಮುರಿಯುವವರು ನಮ್ಮ ಶ್ರೀಲತಾ ಮೇಡಂ. ಮಧುಗಿರಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಈಕೆ, ಯಾರೋ ಹಿಂದಿನಿಂದ ಕರೆದರೆಂಬಂತೆ ನಿಂತು ನಿಂತು ನಡೆಯುತ್ತಾರೆ; ತೋಳು ಮಾಸಿದ ನೀಲಿ ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ಜೊತೆ ಸದಾ ನಾಲ್ಕು ಹುಣಸೆಬೀಜ.

ಹುಣಸೆಹಣ್ಣಿನ ಚಿತ್ರ ನೋಡಿ ದರ್ಜೆ ಹೇಳುವ ಪ್ರೋಗ್ರಾಮನ್ನು ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯಬೇಕೆಂಬುದು ಅವರ ಹಟ. ಮೂವತ್ತು ವರ್ಷ ಹುಣಸೆ ಮಂಡಿಯಲ್ಲಿ ಕೂತು ಹಣ್ಣನ್ನು ಹಿಡಿಯಲ್ಲಿ ಹಿಸುಕಿ ದರ್ಜೆ ಹೇಳಿದ ನನಗೆ ಇದು ನನ್ನ ಬೆರಳುಗಳಿಗೇ ಬಂದ ನೋಟಿಸಿನಂತೆ ಕಂಡರೂ ಟೀ ತರಿಸಿದೆ; ಪ್ರತಿಸ್ಪರ್ಧಿಯನ್ನು ಉಪಚರಿಸುವುದು ವ್ಯಾಪಾರದ ಮೊದಲ ಪಾಠ.

ತೋವಿನಕೆರೆಯ ಓಬಳಮ್ಮನ ಮಹಿಳಾ ಸಂಘ ಆ ಸುಗ್ಗಿಯಲ್ಲಿ ಮೊದಲ ಸಲ ನಮ್ಮ ಮಂಡಿಗೆ ಮಾದರಿಯ ಚಿತ್ರ ಕಳಿಸಿತು. "ಸ್ಕ್ಯಾನ್ ಮಾಡ್ಸಿ ಕಳ್ಸಿ" ಎಂದು ಮೇಡಂ ಹೇಳಿದ್ದಕ್ಕೆ ಓಬಳಮ್ಮ ಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕೊರಟಗೆರೆಯ ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಹರವಿದ್ದಳು. ಅಂಗಡಿಯ ಲಕ್ಷ್ಮೀಪತಿಯೋ ಪಹಣಿಗೆ ಒತ್ತುವ ಗುಂಡಿಯನ್ನೇ ಒತ್ತಿದ್ದ. ಬಂದದ್ದು ಕಪ್ಪು-ಬಿಳುಪು. ಬಣ್ಣದ ಚಿತ್ರವೆಂದರೆ ಕಂಪ್ಯೂಟರಿಗೆ ಕೆಂಪು, ಹಸಿರು, ನೀಲಿಯ ಮೂರು ಪದರ. ಇದರಲ್ಲಿ ಬರೀ ಉದ್ದ, ಅಗಲ. ಆ ಪದರಗಳ ಮೂರನೆಯ ಆಯಾಮ ಹುಡುಕಿದ ಪ್ರೋಗ್ರಾಮು ಅದು ಸಿಗದೆ ನಿಂತುಹೋಯಿತು. ಮೇಡಂ ಆ ಒಂದೇ ಪದರವನ್ನು ಮೂರು ಸಲ ನಕಲಿಸಿ ಒಂದರ ಮೇಲೊಂದು ಪೇರಿಸಿದರು. ಓಡಿತು, ಓಡಿ, ಹೊಸ ಹಣ್ಣಿಗಿರುವ ಕೆಂಪಿನ ಸುಳಿವೇ ಕಾಣದೆ, ಇಡೀ ಸಂಘದ ಹಣ್ಣು "ಹಳೆಯದು" ಎಂದು ತೀರ್ಪಿತ್ತಿತು.

"ನಿಮ್ಮ ಕಂಪ್ಯೂಟ್ರೂ ನನ್ನ ಪಾರ್ಟಿ ಆಯ್ತಲ್ಲ ಮೇಡಂ!" ಎಂದೆ. ಹೊಸ ಹಣ್ಣು ಹಳೆಯ ದರ್ಜೆಗೆ, ಅಗ್ಗದ ದರಕ್ಕೆ ಇಳಿದರೆ ಯಾವ ವ್ಯಾಪಾರಿಗೆ ಹೊಟ್ಟೆನೋವು?

ತೀರ್ಪು ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ ಓಬಳಮ್ಮನ ಮುಖ ಇಳಿಯಿತು. "ಹೋದ್ವಾರ ಮರ ಬಡಿದಿದ್ದು ಸಾವ್ಕಾರ್ರೇ. ಇದ್ನೇ ಹಳೇದು ಅಂದ್ಬುಟ್ರೆ ನಾಳಿಕ್ಕೆ ಸಂಘಕ್ಕೆ ಯಾರು ಹಣ್ಣು ತಂದ್ಕೊಡ್ತಾರೆ? ಸಂಘಾನೇ ಮುಚ್ಕಂಡೋಯ್ತದೆ."

ಮೇಡಂ ಜೇಬಿನ ಬೀಜಗಳನ್ನು ಉರುಳಿಸುತ್ತ ಪರದೆ ನೋಡಿದರು. "ಆಕಾರ ಸರಿಹೊಂದಿಸಿದೆ ಓಬಳಮ್ಮ. ಇಲ್ಲದ ಬಣ್ಣ ಎಲ್ಲಿಂದ ತರ್ಲಿ? ತಪ್ಪು ನಂದೇ ಕಣಮ್ಮ."

ಪ್ರತಿ ಚಿತ್ರದ ಆಯಾಮವನ್ನೂ ಮೊದಲೇ ಎಣಿಸಿ, ಎರಡೇ ಇದ್ದರೆ "ಬಣ್ಣ ತಿಳಿಯದು, ಮತ್ತೆ ತನ್ನಿ" ಎನ್ನುವ ಸಾಲೊಂದನ್ನು ಅಲ್ಲೇ ಸೇರಿಸಿದರು. ಮರುದಿನ ತಾವೇ ಕೊರಟಗೆರೆಗೆ ಬಸ್ಸು ಹತ್ತಿ, ಲಕ್ಷ್ಮೀಪತಿಯ ಪಕ್ಕ ನಿಂತು ಅದೇ ಹಣ್ಣಿಗೆ ಬಣ್ಣದ ಗುಂಡಿ ಒತ್ತಿಸಿದರು. ಈ ಸಲದ ತೀರ್ಪು: ಹೊಸದು. ಅವರು ತಂದ ಹಣ್ಣನ್ನು ನಾನೂ ಹಿಡಿಯಲ್ಲಿ ಹಿಸುಕಿದೆ. ಸುಳ್ಳಾಡಲು ಬೆರಳು ಒಪ್ಪಲಿಲ್ಲ.

"ಈಗ ಕಂಪ್ಯೂಟ್ರು ಯಾರ ಪಾರ್ಟಿ ಸಾವ್ಕಾರ್ರೇ?" ಎಂದಳು ಓಬಳಮ್ಮ. ಅವಳಿಗೂ ಟೀ ತರಿಸಬೇಕಾಯಿತು.

ಎದುರಿಗಿದ್ದದ್ದನ್ನು ತಮ್ಮ ಅಚ್ಚಿಗೆ ಎಳೆದು ಕೂರಿಸುವ ಜಾಣರು ಲೋಕದಲ್ಲಿ ಹೇರಳ. ನಮ್ಮ ಮಂಡಿಯಲ್ಲಿ ಅವರಿಗೆ ನಾನೇ ಹಿರಿಯ. ಕೂರಿಸಿದ ಮೇಲೂ ಏನು ಕಾಣೆಯಾಯಿತೆಂದು ತಿರುಗಿ ನೋಡುವವರು ವಿರಳ. ಅಂಥವರು ತಾಲೂಕಿಗೊಬ್ಬರಿದ್ದರೂ ಸಾಕು, ನನ್ನಂಥವರು ಕೂಡ ಇದ್ದದ್ದನ್ನು ಇದ್ದಂತೆ ಹೇಳುವ ಅಭ್ಯಾಸಕ್ಕೆ ಬೀಳುತ್ತಾರೆ.